ಒಂದು ಸಾಲು ಎರಡಾದ ಭಾನುವಾರ

ಜುಲೈನ ಒಂದು ಭಾನುವಾರ. ಮುಂಬೈಯ ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತಿತ್ತು. ಮಾಟುಂಗಾದ ನಮ್ಮ ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ನನಗೂ ಅದೇ ಬೇಕಿತ್ತು. ರಸ್ಟ್ ಭಾಷೆಯಲ್ಲಿ ಬರೆದ ಒಂದು ಓಪನ್ ಸೋರ್ಸ್ ಬ್ರೌಸರ್ ಎಂಜಿನ್‌ಗೆ (ವೆಬ್ ಪೇಜನ್ನು ತೋರಿಸುವ, ಅದರ ಕೋಡ್ ಓಡಿಸುವ ಭಾಗ) ರೀಡಬಲ್ ಸ್ಟ್ರೀಮ್ ಸೇರಿಸುವ ಕೆಲಸ ಹಿಡಿದು ಮೂರು ವಾರ ಆಗಿತ್ತು.

ದೊಡ್ಡ ಫೈಲ್ ಪೂರ್ತಿ ಬರುವ ತನಕ ಕಾಯದೆ, ಬಂದ ಬಂದ ತುಂಡನ್ನು ಪೇಜಿಗೆ ಕೊಡುತ್ತಾ ಹೋಗುವುದೇ ಸ್ಟ್ರೀಮ್. ಪೇಜ್ 'ರೀಡ್' ಅಂತ ಕೇಳುತ್ತದೆ. ಅದರ ಕೈಗೆ ಕೂಡಲೇ ಒಂದು ಪ್ರಾಮಿಸ್, ಅಂದರೆ ಉತ್ತರ ಆಮೇಲೆ ಬರುತ್ತದೆ ಅನ್ನುವ ಚೀಟಿ, ಸಿಗುತ್ತದೆ. ತುಂಡು ಬಂದಾಗ ಎಂಜಿನ್ ಆ ಪ್ರಾಮಿಸನ್ನು ರಿಸಾಲ್ವ್ ಮಾಡುತ್ತದೆ, ಅಂದರೆ ಅದಕ್ಕೆ ಉತ್ತರ ತುಂಬುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ, "ನಮ್ಮ ಬ್ಯಾಂಕಿನ ಹಿತ್ತಾಳೆ ಟೋಕನ್ ಅಲ್ವಾ ಅದು?" ಅಂದಿದ್ದರು. ಫೋರ್ಟ್‌ನ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿದ್ದವರು. ಚೆಕ್ ಕೊಟ್ಟರೆ ಟೋಕನ್, ನಂಬರ್ ಕೂಗಿದರೆ ದುಡ್ಡು. ಅಷ್ಟು ಸರಿಯಾದ ಹೋಲಿಕೆ ನನಗೇ ಹೊಳೆದಿರಲಿಲ್ಲ.

ಅವತ್ತು ಒಂದು ಕಿಡಿಗೇಡಿ ಟೆಸ್ಟ್ ಬರೆದೆ. ಪೇಜಿನ ಕೋಡ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ, ಸಾದಾ ಆಬ್ಜೆಕ್ಟಿನಲ್ಲಿ ಇಲ್ಲದ ಹೆಸರನ್ನು ಹುಡುಕುವ ಜಾಗ ಆಬ್ಜೆಕ್ಟ್ ಪ್ರೊಟೊಟೈಪ್. ಅದರ ಮೇಲೆ 'ದೆನ್' ಅನ್ನುವ ಹೆಸರಿನ ಗೆಟರ್ (ಆ ಹೆಸರನ್ನು ನೋಡಿದರೆ ಸಾಕು, ಓಡುವ ಫಂಕ್ಷನ್) ಇಟ್ಟು, ಅದರೊಳಗೆ ಒಂದೇ ಸಲ ಮತ್ತೆ ರೀಡ್ ಕರೆದೆ. ಎಂಜಿನ್ ಅಲ್ಲೇ ಬಿತ್ತು. ಟರ್ಮಿನಲ್‌ನಲ್ಲಿ 'ಆಲ್ರೆಡಿ ಬಾರೋಡ್' ಅನ್ನುವ ಪ್ಯಾನಿಕ್: ಬದಲಾಯಿಸಲು ಬಾರೋ ಮಾಡಿ, ಅಂದರೆ ಎರವಲು ಪಡೆದು, ಹಿಡಿದುಕೊಂಡದ್ದಕ್ಕೆ ಇನ್ನೊಂದು ಕೋಡ್ ಕೈ ಹಾಕಿದರೆ ರಸ್ಟ್ ಹೀಗೆ ಓಟ ನಿಲ್ಲಿಸುತ್ತದೆ.

ಪ್ರಾಮಿಸ್ ರಿಸಾಲ್ವ್ ಮಾಡಿದರೆ ಪೇಜಿನ ಕೋಡ್ ಓಡುವುದು ಆಮೇಲೆ, ಮೈಕ್ರೋಟಾಸ್ಕ್ ಸರದಿಯಲ್ಲಿ (ಈಗಿನ ಕೆಲಸ ಮುಗಿದ ಮೇಲೆ ಓಡುವ ಸಣ್ಣ ಕೆಲಸಗಳ ಸಾಲು), ಅಂತ ನಾವೆಲ್ಲ ಕಲಿತಿರುತ್ತೇವೆ. ಉತ್ತರ ಬಂದಾಗ ಓಡಲಿ ಅಂತ ಪೇಜ್ ಕೊಟ್ಟಿರುವ ಕಾಲ್‌ಬ್ಯಾಕ್ ಮಟ್ಟಿಗೆ ಅದು ನಿಜ. ಆದರೆ ಒಂದು ಕೆಲಸ ಮಾತ್ರ ಆ ಕ್ಷಣದಲ್ಲೇ ನಡೆಯುತ್ತದೆ. ಆಬ್ಜೆಕ್ಟ್ ಕೊಟ್ಟು ರಿಸಾಲ್ವ್ ಮಾಡಿದಾಗ, ಅದೇ ಇನ್ನೊಂದು ಪ್ರಾಮಿಸ್ ಇರಬಹುದಾ ಅಂತ ತಿಳಿಯಲು ಎಂಜಿನ್ ಅದರಲ್ಲಿ ಪ್ರಾಮಿಸ್‌ಗೆ ಇರುವಂಥ 'ದೆನ್' ಇದೆಯಾ ಎಂದು ನೋಡುತ್ತದೆ. 2015ರಲ್ಲಿ ಪ್ರಾಮಿಸ್ ಜಾವಾಸ್ಕ್ರಿಪ್ಟ್ ಸ್ಟ್ಯಾಂಡರ್ಡಿಗೆ ಸೇರಿದಾಗಿನಿಂದ ಇದೇ ನಿಯಮ. ರೀಡ್ ಕೊಡುವ ಉತ್ತರ 'ವ್ಯಾಲ್ಯೂ' (ಬಂದ ತುಂಡು), 'ಡನ್' (ಮುಗಿಯಿತಾ) ಇರುವ ಸಾದಾ ಆಬ್ಜೆಕ್ಟ್. ಅದರಲ್ಲಿ 'ದೆನ್' ಇಲ್ಲ, ಹಾಗಾಗಿ ಹುಡುಕಾಟ ಮೇಲಿನ ಪ್ರೊಟೊಟೈಪ್‌ಗೆ ಹೋಗುತ್ತದೆ. ಅಲ್ಲಿ ನನ್ನ ಗೆಟರ್ ಕಾದು ಕೂತಿತ್ತು.

ಆದರೂ ಬೀಳಬೇಕಾಗಿರಲಿಲ್ಲ. ಲಾಗ್ ಹಾಕಿ ಹಾಕಿ ಮಧ್ಯಾಹ್ನದ ಊಟ ತಣ್ಣಗಾದ ಮೇಲೆ ಆ ಸಾಲು ಸಿಕ್ಕಿತು. ಕಾಯುತ್ತಿರುವ ರೀಡ್‌ಗಳ ಪಟ್ಟಿಯನ್ನು ಬಾರೋ ಮಾಡು, ಮೊದಲನೆಯದನ್ನು ತೆಗೆ, ತುಂಡು ಕೊಡು. ಮೂರನ್ನೂ ಚುಕ್ಕಿ ಹಾಕಿ ಒಂದೇ ಸಾಲಿನಲ್ಲಿ ಪೋಣಿಸಿದ್ದೆ. ಚಂದ ಕಾಣುತ್ತಿತ್ತು. ರಸ್ಟ್‌ನಲ್ಲಿ ಹೀಗೆ ಬರೆದರೆ, ಆ ಸಾಲಿನ ಸೆಮಿಕೋಲನ್ ಬರುವ ತನಕ ಪಟ್ಟಿ ನಮ್ಮ ಹಿಡಿತದಲ್ಲೇ ಇರುತ್ತದೆ. ತುಂಡು ಕೊಡುವಾಗ ಗೆಟರ್ ಓಡಿತು, ಗೆಟರ್ ರೀಡ್ ಕರೆಯಿತು, ರೀಡ್ ಅದೇ ಪಟ್ಟಿಗೆ ಕೈ ಹಾಕಿತು.

ಸ್ಟ್ರೀಮ್ ಹೇಗೆ ನಡೆಯಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುವ ಸ್ಟ್ರೀಮ್ಸ್ ಸ್ಟ್ಯಾಂಡರ್ಡ್ ತೆಗೆದು ಆ ಜಾಗ ಮತ್ತೆ ಓದಿದೆ. ಪಟ್ಟಿಯಿಂದ ತೆಗೆಯುವುದು ಒಂದು ಹೆಜ್ಜೆ, ತುಂಡು ಕೊಡುವುದು ಬೇರೆ ಹೆಜ್ಜೆ. ಸ್ಟ್ರೀಮ್ ಮುಚ್ಚುವ ಕಡೆಯೂ ಹಾಗೇ: ಮೊದಲು ಪಟ್ಟಿ ಖಾಲಿ ಮಾಡು, ಆಮೇಲೆ ಒಬ್ಬೊಬ್ಬರಿಗೂ ಹೇಳು. ಅದನ್ನು ಬರೆದವರು ಎಷ್ಟು ಯೋಚಿಸಿದ್ದಾರೆ ಅನ್ನಿಸಿ ಮನಸ್ಸು ತುಂಬಿ ಬಂತು. ಎರಡು ಹೆಜ್ಜೆಯನ್ನು ನಾನು ಸುಮ್ನೆ ಒಂದು ಮಾಡಿದ್ದೆ.

ಯಾವ ಪೇಜ್ ಹೀಗೆಲ್ಲ ಮಾಡುತ್ತದೆ ಅಂತ ಕೇಳಬಹುದು. ಎಂಜಿನ್ ಬರೆಯುವವರಿಗೆ ಆ ಮಾತು ಹೇಳುವ ಹಕ್ಕಿಲ್ಲ ಅಂತಲೇ ನನ್ನ ನಂಬಿಕೆ. ರಸ್ಟ್ ಆದ್ದರಿಂದ ಪ್ಯಾನಿಕ್ ಆಗಿ ನಿಂತಿತು. ಸಿ ಪ್ಲಸ್ ಪ್ಲಸ್‌ನಲ್ಲಿ ಇಂಥದೇ ತಪ್ಪು ಮೆಮೊರಿಯನ್ನೇ ಕೆಡಿಸಬಹುದು.

ಸಂಜೆ ಚಹಾ ತಂದಿಟ್ಟ ಅಪ್ಪ, "ಎಂತ ಮಾರಾಯ, ಊಟವೂ ಇಲ್ಲ?" ಅಂದರು. ಟೋಕನ್ ಭಾಷೆಯಲ್ಲೇ ಹೇಳಿದೆ. ಅವರಿಗೆ ಆಶ್ಚರ್ಯ ಆಗಲಿಲ್ಲ. "ದುಡ್ಡು ಎಣಿಸಿ ತೆಗೆದು, ಡ್ರಾಯರ್ ಮುಚ್ಚಿಯೇ ನಂಬರ್ ಕೂಗೋದು. ಜನ ಕೌಂಟರಿಗೆ ಬಂದಾಗ ಡ್ರಾಯರ್ ತೆರೆದಿರಬಾರದು."

ಸಾಲನ್ನು ಎರಡು ಮಾಡಿದೆ. ಮೊದಲ ಸಾಲಿನಲ್ಲಿ ತೆಗೆದು ಒಂದು ಹೆಸರಿಗೆ ಇಟ್ಟುಕೊಂಡೆ, ಎರಡನೆಯದರಲ್ಲಿ ಕೊಟ್ಟೆ. ಟೆಸ್ಟ್ ಪಾಸಾಯಿತು. ಅದೇ ರೀತಿ ಪೋಣಿಸಿದ ಸಾಲು ಬೇರೆ ಎಲ್ಲಾದರೂ ಇದೆಯಾ ಅಂತ ಹುಡುಕಿದರೆ ಇನ್ನೂ ಮೂರು ಸಿಕ್ಕವು. ಕೊನೆಯದು ಎರರ್ ಆದಾಗ ಓಡುವ ಕೋಡಿನಲ್ಲಿತ್ತು. ಅದನ್ನು ಸರಿಮಾಡಿ ಪ್ಯಾಚ್ ಕಳಿಸುವಾಗ ರಾತ್ರಿ ಹನ್ನೊಂದು. ಅಪ್ಪ ಇನ್ನೂ ಎದ್ದೇ ಇದ್ದರು. "ಕೂಗಿದಾಗ ಆ ಮನುಷ್ಯ ಅಲ್ಲಿ ಇಲ್ಲದಿದ್ದರೆ?" ಅಂತ ಕೇಳಿದರು.

"ಪ್ರಾಮಿಸ್‌ನಲ್ಲೇ ಇರುತ್ತೆ ಅಪ್ಪ. ಆಮೇಲೆ ಬಂದು ಕೇಳಿದರೂ ಸಿಗುತ್ತೆ."