ಒಗ್ವಾಲ್ಡನ ಹಸು

20 ಏಪ್ರಿಲ್ 2025, ಭಾನುವಾರ

ನಿನ್ನೆ ರಾತ್ರಿ ಊರಲ್ಲಿ ನಮ್ಮ ಹಸು ಗೌರಿ ಹೋದಳಂತೆ. ನಾಲ್ಕು ದಿನಗಳಿಂದ ಮೇವು ಮುಟ್ಟಿರಲಿಲ್ಲ. ದೂರದಲ್ಲಿ ಕುಳಿತು ಒದ್ದಾಡುತ್ತೇನೆಂದೇ ನನಗೆ ಯಾರೂ ಅದನ್ನು ಹೇಳಿರಲಿಲ್ಲ.

ಈಸ್ಟರ್ ರಜೆ. ಮನೆಯಲ್ಲಿ ಕೂರಲಾಗದೆ ಸೇತುವೆ ದಾಟಿ, ಇಲ್ಲಿ ನಾರ್ವೆಯ ಪಶ್ಚಿಮ ಕರಾವಳಿಯ ಹಳೆಯ ಊರು ಅವಾಲ್ಡ್ಸ್‌ನೆಸ್‌ಗೆ ಹೋದೆ. ಚರ್ಚಿನ ಉತ್ತರದ ಗೋಡೆಯ ಕಡೆಗೆ ವಾಲಿ ನಿಂತ ಏಳು ಮೀಟರಿನ ಕಲ್ಲನ್ನು ಇಲ್ಲಿಯವರು ಮೇರಿಯ ಹೊಲಿಗೆ ಸೂಜಿ ಎನ್ನುತ್ತಾರೆ. ಅದು ಗೋಡೆಗೆ ತಾಗಿದ ದಿನ ಪ್ರಳಯವಂತೆ. ನಡುವೆ ಒಂದು ಗೇಣೂ ಉಳಿದಿಲ್ಲ. ಮೈತುಂಬ ಕಲ್ಲುಹೂವು. ಗೌರಿಯ ಬಲಗೊಂಬೂ ಹೀಗೆಯೇ ಒಳಕ್ಕೆ ವಾಲಿತ್ತು.

ಪಕ್ಕದಲ್ಲೇ ಫ್ಲಾಗ್‌ಹೌಗೆನ್, ಹಳೆಯ ಕಾಲದ ಸಮಾಧಿ ದಿಬ್ಬ. 1834-35ರಲ್ಲಿ ಅಗೆದಾಗ ಸುಮಾರು 600 ಗ್ರಾಂ ತೂಕದ ಚಿನ್ನದ ಕಂಠಿ ಸಿಕ್ಕಿತ್ತು. ಬಂದವರೆಲ್ಲ ಅದನ್ನೇ ಮಾತಾಡುತ್ತಾರೆ. ನಾನು ಹೋದದ್ದು ಹಸುವಿನ ಸಲುವಾಗಿ.

ಹದಿಮೂರನೇ ಶತಮಾನದ ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಬರೆದಿಟ್ಟ ಕಥೆ. ನಾರ್ವೆಯ ಕ್ರೈಸ್ತ ದೊರೆ ಓಲಾಫ್ ಟ್ರಿಗ್ವಾಸನ್ ಈಸ್ಟರ್‌ಗೆ ಇದೇ ಜಮೀನಿನಲ್ಲಿ ತಂಗಿದ್ದಾಗ ಒಕ್ಕಣ್ಣಿನ ಮುದುಕನೊಬ್ಬ ಬಂದ. ಈ ಜಾಗಕ್ಕೆ ಹೆಸರು ಕೊಟ್ಟ ಒಗ್ವಾಲ್ಡ್ ಯಾರು ಎಂದು ದೊರೆ ಕೇಳಿದ. ಅವನೊಬ್ಬ ದೊರೆ, ಹಸುವನ್ನು ಪೂಜಿಸುತ್ತಿದ್ದ, ಹೋದಲ್ಲೆಲ್ಲ ಕರೆದೊಯ್ದು ಅದರ ಹಾಲನ್ನೇ ಕುಡಿಯುತ್ತಿದ್ದ; ಕಾಳಗದಲ್ಲಿ ಬಿದ್ದ ಮೇಲೆ ಅವನಿಗೊಂದು ದಿಬ್ಬ ಎಬ್ಬಿಸಿದರು, ಹತ್ತಿರದಲ್ಲೇ ಹಸುವನ್ನೂ ಹೂತರು ಎಂದ ಮುದುಕ. ಬೆಳಗಾಗುವಷ್ಟರಲ್ಲಿ ಅವನಿಲ್ಲ. ಅಡುಗೆಯವರಿಗೆ ಅವನು ದನದ ಮಾಂಸ ಕೊಟ್ಟು ಹೋಗಿದ್ದ. ಬಂದವನು ಹಳೆಯ ಧರ್ಮದ ಒಕ್ಕಣ್ಣಿನ ದೇವರು ಓಡಿನ್ ಎಂದು ದೊರೆ ಅದನ್ನು ಎಸೆಸಿಬಿಟ್ಟ. ಆ ಸಾಲು ಓದಿದಾಗಲೆಲ್ಲ ಹೊಟ್ಟೆ ತೊಳಸುತ್ತದೆ.

ದಿಬ್ಬದ ಬುಡದಲ್ಲಿ ನಿಂತೇ ಅಪ್ಪಯ್ಯನಿಗೆ ಫೋನ್ ಮಾಡಿದೆ.

"ಎಲ್ಲಿ ಹೂತಿರಿ?"

"ತೋಟದ ಕೆಳಗೆ, ಹಲಸಿನ ಮರದ ಆಚೆ. ಉಪ್ಪು ಹಾಕಿದ್ದೇವೆ. ಮಳೆ ಹಿಡಿದ ಮೇಲೆ ತೆಂಗಿನ ಸಸಿ ನೆಡುತ್ತೇನೆ."

"ಒಂದು ಕಲ್ಲನ್ನೂ ಇಡಿ ಅಪ್ಪಯ್ಯ."

"ದನಕ್ಕೆ ಯಾರು ಕಲ್ಲಿಡುತ್ತಾರೆ ಪುಟ್ಟೀ? ಅದೇನು, ಅಲ್ಲಿ ಅಷ್ಟೊಂದು ಗಾಳಿ?"

ಒಗ್ವಾಲ್ಡನ ಕಥೆ ಹೇಳಿದೆ. ಮಧ್ಯೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಅಪ್ಪಯ್ಯನ ಮಟ್ಟಿಗೆ ಅದು ಅಪರೂಪ. ಕೊನೆಗೆ ಕೇಳಿದರು, "ಆ ಹಸುವಿನ ಹೆಸರೇನು?"

ಸ್ನೋರಿ ಹೆಸರು ಬರೆದಿಲ್ಲ ಎಂದೆ.

"ದಿನಾ ಹಾಲು ಕರೆದವರು ಏನೋ ಒಂದು ಕರೆದಿರಲೇಬೇಕಲ್ಲ."

ಆಮೇಲೆ ಇಬ್ಬರೂ ಸುಮ್ಮನಾದೆವು. ಕೊಟ್ಟಿಗೆಯ ಕಡೆಯಿಂದ ಕರು ಕೂಗುವುದು ಕೇಳಿಸಿತು. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲವಂತೆ. ನಾನು ಬರುವವರೆಗೆ ಕಾಯುತ್ತೇವೆ ಎಂದರು, ಆದರೆ ರಜೆ ಸಿಗುವುದು ಜುಲೈನಲ್ಲಿ, ಅಷ್ಟರೊಳಗೆ ಅದು