ನಮ್ಮ ಪೇಪರ್ ಇಬ್ಬರನ್ನೂ ಗೆಲ್ಲಿಸಿದ ದಿನ

ನಮ್ಮ ಕಾಕನ ಮಗ ಅಮೆರಿಕಾದಾಗ ಅದಾನ. ಅವನಿಗೆ ಅಲ್ಲಿ ವೋಟಿಲ್ಲ, ಇಲ್ಲಿ ಲಿಸ್ಟ್‌ನಾಗ ಹೆಸರು ಇನ್ನೂ ಐತಿ ಆದ್ರ ಬರಂಗಿಲ್ಲ, ಆದ್ರೂ ಎರಡೂ ಕಡೆ ಎಲೆಕ್ಷನ್ ಬಂತಂದ್ರ ನಮಗಿಂತ ಮೊದಲು ಅವನಿಗೇ ಜ್ವರ. ಹಿಂದೊಮ್ಮೆ ಅವರ ಊರಿನ ಪೇಪರ್‌ದು ಒಂದು ಪುಟ ಫೋಟೊ ಹೊಡದು ಕಳಿಸಿದ್ದ. ನೋಡಿದ್ರ ಅವರ ರಾಜ್ಯದ ಶಾಸನಸಭೆಗೆ ನಿಂತ ಇಬ್ಬರ ಪೈಕಿ ಇಂಥವರಿಗೆ ವೋಟ್ ಹಾಕ್ರಿ ಅಂತ ಪೇಪರ್ರೇ ಸಂಪಾದಕೀಯದಾಗ ರಾಜಾರೋಷವಾಗಿ ಬರದೈತಿ! ಮ್ಯಾಲೆ ಪೇಪರಿನ ಹೆಸರು, ಕೆಳಗ ಸಂಪಾದಕೀಯ ಮಂಡಳಿ ಅಂತ ಸಹಿ, ನಡುವ ನಾಕು ಕಾರಣ.

ಓದಿ ನನಗ ನಗು ಬಂತು, ಆಮ್ಯಾಲೆ ಒಂಥರಾ ಹೊಟ್ಟೆಕಿಚ್ಚೂ ಬಂತು. ಯಾಕಂದ್ರ ನಾನೂ ಒಂದು ಕಾಲದಾಗ ಪೇಪರ್‌ನಾಗ ಕೆಲಸ ಮಾಡಿದವನೇ. ರಿಪೋರ್ಟರ್ ಅಲ್ರಿ, ಕಂಪ್ಯೂಟರ್‌ನಾಗ ಪುಟ ಕೂಡಿಸೋ ಡಿಟಿಪಿ ಆಪರೇಟರ್. ನಮ್ಮ ರಾಯಚೂರು ಜಿಲ್ಲೆಯ ಒಂದು ಊರು, ನಾಕು ಪುಟದ ದಿನಪತ್ರಿಕೆ. ಯಾವ ಊರು, ಯಾವ ಪೇಪರ್, ಯಾವ ಎಲೆಕ್ಷನ್ ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ, ಆ ಸಂಪಾದಕರು ಈಗಲೂ ಸಿಕ್ಕಲ್ಲೆಲ್ಲಾ ಕರದು ಚಾ ಕುಡಿಸ್ತಾರ.

ವರ್ಷದ ಉಳಿದ ದಿನ ನಮ್ಮ ಪೇಪರ್ ನಡೀತಿದ್ದದ್ದು ಟೆಂಡರ್ ನೋಟೀಸು, ಹೆಸರು ಬದಲಾವಣೆ ಅಫಿಡವಿಟ್ಟು, ಕಳೆದುಹೋದ ಮಾರ್ಕ್ಸ್ ಕಾರ್ಡು, ಲೀಡರುಗಳ ಹುಟ್ಟುಹಬ್ಬದ ಶುಭಾಶಯ, ಇಷ್ಟರ ಮ್ಯಾಲೆ. ಎಲೆಕ್ಷನ್ ಬಂದ್ರ ಮಾತ್ರ ಆಫೀಸಿಗೆ ಜಾತ್ರಿ ಕಳೆ. ಆಗ ಒಂದು ಶಬ್ದ ಕೇಳಿಬರ್ತಿತ್ತು, ಪ್ಯಾಕೇಜ್. ಪ್ಯಾಕೇಜ್ ಅಂದ್ರ ದಿನಾ ಒಂದು ಪ್ರಚಾರದ ಸುದ್ದಿ, ಎರಡು ಫೋಟೊ, ಎದುರಾಳಿ ಬಗ್ಗೆ ಏನೂ ಬರಬಾರದು ಅಂದ್ರ ಅದಕ್ಕ ಬ್ಯಾರೆ ರೇಟು. ಇದು ಜಾಹೀರಾತು ಅಂತ ಎಲ್ಲೂ ಹಾಕಂಗಿಲ್ಲ, ಸುದ್ದಿ ಅಂತನೇ ಹಾಕಬೇಕು, ಆ ಹಾಕದೇ ಇರೋದಕ್ಕೇ ರೊಕ್ಕ.

ಮ್ಯಾಟರ್ ನಾವು ಬರೀತಿದ್ದಿಲ್ಲ. ಕ್ಯಾಂಡಿಡೇಟ್ ಆಫೀಸಿನ ಹುಡುಗ ರಾತ್ರಿ ಎಂಟಕ್ಕ ಪೆನ್‌ಡ್ರೈವ್ ತಂದು ಕೊಡ್ತಿದ್ದ, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಾಗ ಟೈಪ್ ಮಾಡಿರ್ತಿದ್ರು, ನಾನು ಅದನ್ನ ನಮ್ಮ ಫಾಂಟಿಗೆ ತಿರುಗಿಸಿ ಪೇಜ್‌ಮೇಕರ್‌ನಾಗ ಕೂಡಿಸ್ತಿದ್ದೆ, ತಿರುಗಿಸಿದಾಗ ಒತ್ತಕ್ಷರ ಒಡೀತಿದ್ವು, ಅದನ್ನ ತಿದ್ದೋದರಾಗೇ ಹನ್ನೊಂದು ಗಂಟೆ ಆಗ್ತಿತ್ತು. ಆ ಸಲ ಇಬ್ಬರು ಪ್ಯಾಕೇಜ್ ತಗೊಂಡಿದ್ರು. ಒಬ್ಬರಿಗೊಬ್ಬರು ಮುಖ ನೋಡದ ಎದುರಾಳಿಗಳು, ಆದ್ರ ಅವರಿಗೆ ಬರೆದುಕೊಡೋ ಮನುಷ್ಯ ಒಬ್ಬನೇ ಅನ್ನೋದು ಅವರಿಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ಅವ ಒಂದು ಬರದು, ಹೆಸರು, ಪಕ್ಷ, ಹಳ್ಳಿ ಬದಲು ಮಾಡಿ ಎರಡನೇದು ಮಾಡ್ತಿದ್ದ. "ಹೋದಲ್ಲೆಲ್ಲಾ ಅಭೂತಪೂರ್ವ ಜನಬೆಂಬಲ, ಮಹಿಳೆಯರಿಂದ ಆರತಿ, ಗೆಲುವು ನಿಶ್ಚಿತ." ಒಂದಿನ ರಾತ್ರಿ ಕೊನೇ ಪ್ಯಾರಾದಾಗ ಹೆಸರು ಬದಲು ಮಾಡೋದು ಮರತ. ನಾನೂ ಒತ್ತಕ್ಷರ ನೋಡ್ಕೋತ ಹೆಸರು ನೋಡಲಿಲ್ಲ. ಪೇಪರ್ ಪ್ರಿಂಟ್ ಆತು. ಎರಡನೇ ಪುಟದಾಗ ಎಡಕ್ಕ ಮೊದಲಿನವರ ಗೆಲುವು ನಿಶ್ಚಿತ, ಬಲಕ್ಕ ಎರಡನೇಯವರಿಗೆ ಆರತಿ ಎತ್ತಿಸಿ, ಹೂ ಹಾಕಿಸಿ, ಕೊನೇ ಸಾಲಿನಾಗ ಮತ್ತೆ ಮೊದಲಿನವರ ಗೆಲುವೇ ನಿಶ್ಚಿತ!

ಮುಂಜಾನೆ ಆರಕ್ಕ ಫೋನ್ ಚಾಲೂ ಆದ್ವು. ಸಂಪಾದಕರು ಬನಿಯನ್ ಮ್ಯಾಲೇ ಆಫೀಸಿಗೆ ಬಂದಿದ್ರು. ಬೈದ್ರು, ಬೈಸ್ಕೊಂಡೆ. ಆಮ್ಯಾಲೆ ತಿದ್ದುಪಡಿ ಹಾಕೋಣ ಅಂತ ಕುಂತ್ವಿ ನೋಡ್ರಿ, ಅರ್ಧ ತಾಸು ಕುಂತ್ರೂ ಏನಂತ ಹಾಕಬೇಕು ಹೊಳೀಲಿಲ್ಲ. ನಿನ್ನೆ ಪ್ರಕಟವಾದ ಅಭೂತಪೂರ್ವ ಜನಬೆಂಬಲ ಇವರದಲ್ಲ, ಅವರದು ಅಂತ ಹಾಕೋದಾ? ಕೊನೆಗೆ ಏನೂ ಹಾಕಲಿಲ್ಲ, ಎರಡನೇಯವರಿಗೆ ಮೂರು ದಿನ ಪುಕ್ಸಟ್ಟೆ ಫೋಟೊ ಜಾಸ್ತಿ ಹಾಕಿ ಸಮಾಧಾನ ಮಾಡಿದ್ವಿ.

ಓದುಗರ ಕಡೆಯಿಂದ ಒಂದೇ ಒಂದು ಫೋನ್ ಬರಲಿಲ್ಲ. ನಮ್ಮಪ್ಪ ಮಾತ್ರ ಹಿಡದ. ರಿಟೈರ್ಡ್ ಪ್ರೈಮರಿ ಸಾಲಿ ಮಾಸ್ತರ, ಪೇಪರ್ ಓದೋದೂ ಕೆಂಪು ಪೆನ್ ಹಿಡಕೊಂಡೇ. ನಾನು ಮನಿಗೆ ಹೋದಾಗ ಆ ಪುಟ ಮಡಚಿ ಇಟ್ಟಿದ್ದ, ಹೆಸರಿನ ಸುತ್ತ ಕೆಂಪು ಸುತ್ತು. "ಏನಪಾ, ನಿಮ್ಮ ಪೇಪರ್ ಇಬ್ಬರನ್ನೂ ಗೆಲ್ಲಿಸೇತಲ್ಲ, ಸೋಲೋರು ಯಾರು?" ಅಂದ. ನಾನೇನೂ ಅನ್ನಲಿಲ್ಲ, ಕೈ ತೊಳಕೊಂಡು ಊಟಕ್ಕ ಕುಂತೆ.

ಆ ಅಮೆರಿಕಾದ ಪುಟ ನೋಡಿದಾಗ ನನಗ ಈ ಕೆಂಪು ಸುತ್ತೇ ನೆನಪಾತು. ನಮ್ಮಲ್ಲಿ ಪೇಪರ್ ಯಾರ ಪರನೂ ಇಲ್ಲ ಅಂತ ಹೇಳ್ಕೋತ ರೊಕ್ಕ ಕೊಟ್ಟವರ ಪರ ಇರ್ತೈತಿ, ಅಲ್ಲಿ ನಾವು ಇವರ ಪರ ಅಂತ ಹೇಳಿ, ಯಾಕ ಅನ್ನೋದನ್ನೂ ಬರೀತಾರ. ಅಲ್ಲಿಯವರೆಲ್ಲಾ ಹರಿಶ್ಚಂದ್ರರು ಅಂತ ನಾನು ಹೇಳ್ತಿಲ್ಲ.

ಅಲ್ಲಿ ಇದು ಹಳೇ ಪದ್ಧತಿ. ನ್ಯೂಯಾರ್ಕ್ ಟೈಮ್ಸ್ 1860ರಾಗೇ ಲಿಂಕನ್ ಪರ ನಿಂತಿತ್ತು. ಸುದ್ದಿ ಬರೆಯೋರು ಬ್ಯಾರೆ, ಸಂಪಾದಕೀಯ ಬರೆಯೋ ಮಂಡಳಿ ಬ್ಯಾರೆ. ಕ್ಯಾಂಡಿಡೇಟ್‌ಗಳನ್ನ ಆಫೀಸಿಗೆ ಕರಸ್ತಾರ, ಎದುರಿಗೆ ಕುಂದರಿಸಿ ಪ್ರಶ್ನೆ ಕೇಳ್ತಾರ, ಕೆಲವು ಪೇಪರ್‌ಗಳು ಮೊದಲೇ ಪ್ರಶ್ನೆಪತ್ರಿಕೆ ಕಳಿಸಿ ಲಿಖಿತ ಉತ್ತರ ಇಸ್ಕೋತಾವ. ಎಂಎಲ್ಎ ಆಗಬೇಕು ಅನ್ನೋರು ಪೇಪರ್ ಆಫೀಸಿಗೆ ಬಂದು ಪರೀಕ್ಷೆ ಬರೆಯೋದು! ನಮ್ಮ ಕಡೆ ಪೇಪರ್‌ನವರೇ ಅವರ ಮನಿ ಕಟ್ಟಿ ಮ್ಯಾಲೆ ಕುಂದರ್ತಾರ.

ಇದರಿಂದ ಅಧ್ಯಕ್ಷರ ಎಲೆಕ್ಷನ್ ಏನೂ ಬದಲಾಗಂಗಿಲ್ಲ ಬಿಡ್ರಿ. 2016ರಾಗ ಅಲ್ಲಿನ ದೊಡ್ಡ ಪೇಪರ್‌ಗಳು ಹೆಚ್ಚು ಕಡಿಮೆ ಎಲ್ಲಾ ಹಿಲರಿ ಕ್ಲಿಂಟನ್ ಪರ ಬರದ್ವು, ಗೆದ್ದದ್ದು ಟ್ರಂಪ್. 2024ರ ಅಕ್ಟೋಬರ್‌ನಾಗ ವಾಷಿಂಗ್ಟನ್ ಪೋಸ್ಟ್ ಈ ಸಲ ಯಾರ ಪರನೂ ಬರಿಯಂಗಿಲ್ಲ ಅಂತ ಘೋಷಣೆ ಮಾಡಿತು, ಮಾಲೀಕ ಜೆಫ್ ಬೆಜೋಸ್ ತೀರ್ಮಾನ ಅದು, ಸಿಟ್ಟಿಗೆ ಎರಡೂವರೆ ಲಕ್ಷ ಚಂದಾದಾರರು ಚಂದಾ ಬಿಟ್ರು ಅಂತ ವರದಿ ಆತು. ಲಾಸ್ ಏಂಜಲೀಸ್ ಟೈಮ್ಸ್‌ನಾಗೂ ಮಾಲೀಕ ತಡದ, ಸಂಪಾದಕೀಯ ವಿಭಾಗದ ಮುಖ್ಯಸ್ಥೆ ರಾಜೀನಾಮೆ ಕೊಟ್ಟಳು. ಅಂದ್ರ ಅಲ್ಲೂ ಕಡೀಕ ಕೀಲಿಕೈ ಇರೋದು ಮಾಲೀಕನ ಜೇಬಿನಾಗ.

ಆದ್ರ ನನಗ ತಿಳೀದೇ ಇದ್ದದ್ದು ನ್ಯೂಯಾರ್ಕ್ ಟೈಮ್ಸ್ ಮಾಡಿದ್ದು. ಅದೇ 2024ರ ಆಗಸ್ಟ್‌ನಾಗ, ಇನ್ನು ಮುಂದ ನ್ಯೂಯಾರ್ಕ್ ರಾಜ್ಯದ ಎಲೆಕ್ಷನ್‌ಗಳಿಗೆ ನಾವು ಬೆಂಬಲ ಬರಿಯಂಗಿಲ್ಲ, ಅಧ್ಯಕ್ಷರದ್ದು ಮಾತ್ರ ಬರೀತೀವಿ ಅಂದ್ರು. ಇದು ಉಲ್ಟಾ ಆತಲ್ರಿ. ಟ್ರಂಪ್ ಹ್ಯಾಂಗ ಅನ್ನೋದು ನಮ್ಮ ಓಣಿ ಕಿರಾಣಿ ಅಂಗಡಿಯವನಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಯಾವುದೋ ಮೂಲಿಯ ರಾಜ್ಯ ಶಾಸನಸಭೆಗೆ ನಿಂತವ ಎಂಥವ ಅನ್ನೋದು. ಅಲ್ಲೇ ಅಲ್ವಾ ಕುಂತು ವಿಚಾರಿಸಿ ಬರೆಯೋರು ಬೇಕಾಗಿರೋದು?

ನಮ್ಮ ಕಡೆ ಬರ್ರಿ. ಸಿಂಧನೂರು, ಗಂಗಾವತಿ ಕಡೆ ಆಂಧ್ರದಿಂದ ಬಂದ ರೈತರ ಕ್ಯಾಂಪ್‌ಗಳು ಅದಾವಲ್ಲ, ಅಲ್ಲಿ ಚಾದಂಗಡಿಯಾಗ ಕುಂತ್ರ ಒಂದು ಮಜಾ ಐತಿ. ಎರಡೂ ತೆಲುಗು ಪೇಪರ್, ಒಬ್ಬ ಈನಾಡು ಹಿಡದಿರ್ತಾನ, ಒಬ್ಬ ಸಾಕ್ಷಿ. ಕೈಯಾಗಿನ ಪೇಪರ್ ನೋಡಿದ್ರ ಸಾಕು, ಯಾವ ಪಕ್ಷದವ ಅಂತ ಗೊತ್ತಾಗ್ತೈತಿ. ಎನ್‌ಟಿಆರ್ ತೆಲುಗುದೇಶಂ ಪಕ್ಷ ಕಟ್ಟಿದಾಗ ಈನಾಡು ಬೆನ್ನಿಗೆ ನಿಂತದ್ದು, 2008ರಾಗ ಈಗಿನ ವೈಎಸ್‌ಆರ್ ಕಾಂಗ್ರೆಸ್‌ನ ಜಗನ್ ಅವರ ಮನೆತನದಿಂದಲೇ ಸಾಕ್ಷಿ ಶುರು ಆದದ್ದು, ಎಲ್ಲಾರಿಗೂ ಗೊತ್ತಿರೋ ಇತಿಹಾಸ. ಮುಂಬೈಯಾಗ ಉದ್ಧವ್ ಠಾಕ್ರೆ ಬಣದ ಶಿವಸೇನೆಗೆ ಸಾಮ್ನಾ, ಕೇರಳದಾಗ ಸಿಪಿಎಂಗೆ ದೇಶಾಭಿಮಾನಿ. ಇವರೇನೂ ಮುಚ್ಚಿಟ್ಟಿಲ್ಲ, ಬಣ್ಣ ಕಾಣ್ತೈತಿ. ಆದ್ರ ಪಕ್ಷಕ್ಕ ಬೆಂಬಲ ಬ್ಯಾರೆ, ಈ ಕ್ಷೇತ್ರದಾಗ ಈ ಮನುಷ್ಯ ಯಾಕ ಅಂತ ತೂಗಿ ಹೇಳೋದು ಬ್ಯಾರೆ.

ಮುಚ್ಚಿಟ್ಟು ಮಾಡೋರ ಕಥಿ ಸರ್ಕಾರಕ್ಕೂ ಗೊತ್ತಿಲ್ಲಂತಲ್ಲ. 2009ರ ಲೋಕಸಭಾ ಎಲೆಕ್ಷನ್ ಆದ ಮ್ಯಾಲೆ ಪೇಯ್ಡ್ ನ್ಯೂಸ್, ಅಂದ್ರ ರೊಕ್ಕ ಕೊಟ್ಟು ಹಾಕಿಸೋ ಸುದ್ದಿ, ಅದರ ಗಲಾಟಿ ಎದ್ದು, ಭಾರತೀಯ ಪತ್ರಿಕಾ ಮಂಡಳಿ ಇಬ್ಬರ ಉಪಸಮಿತಿ ಮಾಡಿತ್ತು. ಅವರು 2010ರಾಗ ಪೇಪರ್‌ಗಳ ಹೆಸರು ಸಮೇತ ಉದ್ದದ ವರದಿ ಕೊಟ್ರು. ಮಂಡಳಿ ಹೊರಗ ಬಿಟ್ಟದ್ದು ಸಣ್ಣದೊಂದು ವರದಿ, ಪೂರ್ತಿದು ಜನರಿಗೆ ಸಿಕ್ಕದ್ದು 2011ರಾಗ, ಅದೂ ಕೇಂದ್ರ ಮಾಹಿತಿ ಆಯೋಗ ಹೇಳಿದ ಮ್ಯಾಲೆ. ಅದೇ ವರ್ಷ ಅಕ್ಟೋಬರ್‌ನಾಗ ಉತ್ತರಪ್ರದೇಶದ ಬಿಸೌಲಿ ಶಾಸಕಿ ಉಮ್ಲೇಶ್ ಯಾದವ್ ಅವರನ್ನ ಚುನಾವಣಾ ಆಯೋಗ ಮೂರು ವರ್ಷ ಅನರ್ಹ ಮಾಡಿತು, 2007ರ ಎಲೆಕ್ಷನ್‌ನಾಗ ಪೇಪರ್‌ನಾಗ ಹಾಕಿಸಿದ ಸುದ್ದಿ ಖರ್ಚು ಲೆಕ್ಕದಾಗ ತೋರಿಸಿಲ್ಲ ಅಂತ.

ಈಗ ಪ್ರತಿ ಜಿಲ್ಲೆಯಾಗೂ ಎಂಸಿಎಂಸಿ ಅಂತ ಮಾಧ್ಯಮ ಕಣ್ಗಾವಲು ಸಮಿತಿ ಐತಿ. ಕುಂತು ಪೇಪರ್ ಓದ್ತಾರ, ಡೌಟ್ ಬಂದ್ರ ಚುನಾವಣಾಧಿಕಾರಿ ಕಡೆಯಿಂದ ಕ್ಯಾಂಡಿಡೇಟ್‌ಗೆ ನೋಟೀಸ್ ಹೋಗ್ತೈತಿ. ಪೇಯ್ಡ್ ಅಂತ ಸಾಬೀತಾದ್ರ ಅಷ್ಟು ಜಾಗಕ್ಕ ಜಾಹೀರಾತು ರೇಟ್ ಹಚ್ಚಿ ಅವನ ಖರ್ಚಿಗೆ ಸೇರಿಸ್ತಾರ. ನಮ್ಮ ರಾಜ್ಯದಾಗ ವಿಧಾನಸಭಾ ಕ್ಯಾಂಡಿಡೇಟ್ ಖರ್ಚಿನ ಮಿತಿ 2022ರಿಂದ 40 ಲಕ್ಷ. 40 ಲಕ್ಷದಾಗ ಎಂಎಲ್ಎ ಎಲೆಕ್ಷನ್ ಮಾಡೋರು ಯಾರರ ಇದ್ರ ನನಗೂ ಒಮ್ಮೆ ತೋರಿಸ್ರಿ, ಹೂವಿನ ಹಾರ ಹಾಕ್ತೀನಿ. ಪ್ಯಾಕೇಜ್ ರೊಕ್ಕಕ್ಕ ರಸೀದಿ ಇರಂಗಿಲ್ಲ, ರಸೀದಿ ಇಲ್ಲದ್ದನ್ನ ಸಮಿತಿಯವರು ಪುಟ ನೋಡಿ ಊಹೆ ಮ್ಯಾಲೇ ಹಿಡೀಬೇಕು. ನಮ್ಮಪ್ಪನಂಥವರನ್ನ ಇಬ್ಬರು ಕುಂದರಿಸಿದ್ರ ಹಿಡೀತಿದ್ರೇನೋ.

ನನ್ನ ಆಸೆ ಇಷ್ಟ. ಕದ್ದು ಬೆಂಬಲ ಕೊಡೋ ಬದಲು ಹೆಸರು ಹಾಕಿ ಕೊಡ್ರಿ, ಕಾರಣ ಬರೀರಿ. ಕಾರಣ ಬರದ್ರ ಅದನ್ನ ನಾವು ಕಟ್ ಮಾಡಿ ಇಟ್ಕೊಬಹುದು. ನಮ್ಮ ಜಿಲ್ಲೆಯ ಮಸ್ಕಿ ಕ್ಷೇತ್ರ ನೋಡ್ರಿ. 2018ರಾಗ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರ ಮ್ಯಾಲೆ ಗೆದ್ದದ್ದು ಬರೇ 213 ವೋಟಿನಿಂದ. 2021ರ ಉಪಚುನಾವಣೆ ಹೊತ್ತಿಗೆ ಅವರು ಬಿಜೆಪಿಗೆ ಹೋಗಿದ್ರು, ಇವರು ಕಾಂಗ್ರೆಸ್‌ಗೆ ಬಂದಿದ್ರು, ಅದೇ ಇಬ್ಬರು, ಚಿಹ್ನೆ ಅದಲು ಬದಲು, ಈ ಸಲ ತುರ್ವಿಹಾಳರು 30 ಸಾವಿರ ದಾಟಿ ಗೆದ್ರು. 2018ರಾಗ ಒಂದು ಪೇಪರ್ ಇಂಥವರೇ ಯಾಕ ಬೇಕು ಅಂತ ನಾಕು ಕಾರಣ ಬರದಿತ್ತು ಅನ್ಕೊಳ್ರಿ. 2021ರಾಗ ಆ ಪೇಪರ್ ತನ್ನದೇ ಹಳೇ ಕಾರಣ ತೆಗೆದು ಓದಬೇಕಾಗ್ತಿತ್ತು. ಪಕ್ಷ ನೋಡಿ ಬರದಿದ್ಯೋ, ಮನುಷ್ಯನ್ನ ನೋಡಿ ಬರದಿದ್ಯೋ? ಉತ್ತರ ಕೊಡದೇ ಪಾರಾಗಂಗಿದ್ದಿಲ್ಲ. ಅಭೂತಪೂರ್ವ ಜನಬೆಂಬಲಕ್ಕಾದ್ರ ಏನೈತ್ರಿ, ಎರಡೂ ಸಲ ಇಬ್ಬರಿಗೂ ಹೊಂದ್ತೈತಿ.

ಕ್ಯಾಂಡಿಡೇಟ್‌ಗೆ ಕೇಳೋಕ ಪ್ರಶ್ನೆಗಳಿಗೇನು ಬರ. ತುಂಗಭದ್ರಾ ಎಡದಂಡೆ ಕಾಲುವಿ ಕೊನೇ ಭಾಗಕ್ಕ ನೀರು ಯಾಕ ಮುಟ್ಟಂಗಿಲ್ಲ, ಮ್ಯಾಲಿನವರು ಪಂಪ್ ಹಚ್ಚಿ ಎತ್ತೋದನ್ನ ನೀನು ತಡೀತೀಯೋ ಅಥವಾ ಅವರೂ ನಿನ್ನ ವೋಟರ್ರೇನೋ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋತು, ಅದಕ್ಕಿಂತ ಮೊದಲು ಸದನದಾಗ ಗೇಟಿನ ಬಗ್ಗೆ ಎಷ್ಟು ಸಲ ಬಾಯಿ ಬಿಟ್ಟಿದ್ದಿ? ಡ್ಯಾಮಿನ ಹೂಳಿಗೆ ಏನು ಮಾಡ್ತಿ? ರಾಯಚೂರಿಗೆ ಏಮ್ಸ್ ಬೇಕು ಅಂತ ಜನ ಧರಣಿ ಕುಂತಾಗ ಫೋಟೊಕ್ಕ ಬಿಟ್ಟು ಎಷ್ಟು ದಿನ ಬಂದಿದ್ದಿ? ಇಷ್ಟಕ್ಕ ಎದುರಿಗೆ ಕುಂತು ಉತ್ತರ ಕೊಟ್ಟವರಿಗೆ ಪೇಪರ್ ಬೆಂಬಲ ಕೊಡ್ಲಿ, ತಪ್ಪೇನೈತಿ.

ಇದನ್ನೇ ನಮ್ಮ ಹಳೇ ಸಂಪಾದಕರ ಮುಂದ ಹೇಳಿದೆ, ಒಗ್ಗರಣಿ ಮಿರ್ಚಿ ತಿನ್ಕೋತ. ಅವರು ನಗಲಿಲ್ಲ. "ತಮ್ಮಾ, ನಾನು ಒಬ್ಬನ ಪರ ಬರದೆ ಅನ್ಕೋ, ಇನ್ನೊಬ್ಬ ಗೆದ್ದ ಅನ್ಕೋ, ಐದು ವರ್ಷ ನನಗ ಟೆಂಡರ್ ನೋಟೀಸು ಯಾವನು ಕೊಡ್ತಾನ? ಅಮೆರಿಕಾದವನಿಗೆ ಓದೋರು ರೊಕ್ಕ ಕೊಡ್ತಾರ, ನನ್ನ ಪೇಪರ್ ನೀನು ಎಂದರ ರೊಕ್ಕ ಕೊಟ್ಟು ತಗೊಂಡೀಯೇನು?" ಅಂದ್ರು. ತಗೊಂಡಿಲ್ಲ ನಾನು. ಅವತ್ತಿನ ಮಿರ್ಚಿ ಬಿಲ್ಲೂ ಅವರೇ ಕೊಟ್ರು.

ಮನಿಗೆ ಬಂದು ಆ ಅಮೆರಿಕಾದ ಸಂಪಾದಕೀಯನ ಕನ್ನಡಕ್ಕ ಮಾಡಿ, ಪ್ರಿಂಟ್ ತಗೊಂಡು ನಮ್ಮಪ್ಪಗ ಓದಾಕ ಕೊಟ್ಟೆ. ಈಗ ಕಣ್ಣು ಮಂಜು, ಭೂತಗನ್ನಡಿ ಹಿಡದು ಎರಡು ದಿನ ಓದಿದ. ವಾಪಸ್ ಕೊಟ್ಟಾಗ ನೋಡಿದ್ರ ನನ್ನ ಕಾಗುಣಿತ ಹನ್ನೊಂದು ಕಡೆ ತಿದ್ದಿದ್ದ. ಮೊದಲ ಎರಡು ಕಾರಣಕ್ಕ ರೈಟ್ ಮಾರ್ಕ್. ಮೂರನೇದರ ಪಕ್ಕ ಕೆಂಪು ಪೆನ್ನಿಲೆ ಬರದಿದ್ದ, "ಆಧಾರ ಏನು?" ಅದನ್ನ ಫೋಟೊ ಹೊಡದು ಕಾಕನ ಮಗನಿಗೆ ಕಳಿಸೀನಿ, ಆ ಪೇಪರ್‌ನವರಿಗೆ ಪತ್ರ ಬರದು ಕೇಳು ಅಂತ.