ವ್ಯಾಕ್ಸ್ ಇದ್ದ ಬಾನೆಟ್ಟಿಗೆ ಸೀಲೆಂಟ್ ಹಚ್ಚಿದ ಸಂಜೆ

ಕಪ್ಪು ಬಣ್ಣದ ಕಾರಿಗೆ ಸೀಲೆಂಟ್, ಅಂದರೆ ಪೇಂಟನ್ನು ಕಾಯುವ ತೆಳು ಲೇಪನ, ಹಚ್ಚುವ ಕೆಲಸವೆಂದರೆ ಕಾರನ್ನು ತೊಳೆದು ಹೊಳಪು ಕೊಡುವ ನಮ್ಮ ಡೀಟೇಲಿಂಗ್ ವಿಭಾಗದಲ್ಲಿ ಯಾರಿಗೂ ಉತ್ಸಾಹವಿರುವುದಿಲ್ಲ. ಬಿಳಿ ಅಥವಾ ಬೆಳ್ಳಿ ಬಣ್ಣದಲ್ಲಿ ಮುಚ್ಚಿಹೋಗುವ ಸಣ್ಣಪುಟ್ಟ ಲೋಪಗಳೆಲ್ಲ ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಆದರೂ ಆ ದಿನ ನನ್ನ ಪಾಲಿಗೆ ಬಂದ ಕಾರಿನ ವಿಷಯದಲ್ಲಿ ನನಗೆ ಆತಂಕವಿರಲಿಲ್ಲ. ಹಿಂದೊಮ್ಮೆ ಅದಕ್ಕೆ ನಾವೇ ಸೀಲೆಂಟ್ ಮಾಡಿದ್ದ ದಾಖಲೆ ಸಿಸ್ಟಂನಲ್ಲಿತ್ತು. ಬೆಳಿಗ್ಗೆ ತೊಳೆಯುವಾಗ ಬಾನೆಟ್ ಮೇಲೆ ನೀರು ದುಂಡು ದುಂಡಾದ ಹನಿಗಳಾಗಿ ನಿಂತು, ಸ್ವಲ್ಪ ಗಾಳಿ ಬಿಟ್ಟರೆ ಜಾರಿ ಹೋಗುತ್ತಿತ್ತು. ಹಳೆಯ ಪದರಕ್ಕೆ ಇನ್ನೂ ಜೀವವಿದೆ, ಪಾಲಿಶ್ ಹಿಡಿಯುವ ಅಗತ್ಯವಿಲ್ಲ, ಮೇಲೊಂದು ಹೊಸ ಕೋಟ್ ಕೊಟ್ಟರೆ ಸಂಜೆಯ ಡೆಲಿವರಿಗೆ ಗಾಡಿ ಸಿದ್ಧವಾಗುತ್ತದೆ ಎಂದು ತೀರ್ಮಾನಿಸಿದೆ. ಡೆಲಿವರಿಯ ಸಮಯವನ್ನು ಗ್ರಾಹಕರೊಂದಿಗೆ ವ್ಯವಹರಿಸುವ ಸರ್ವಿಸ್ ಅಡ್ವೈಸರ್ ನಮ್ಮನ್ನು ಕೇಳದೆಯೇ ಗ್ರಾಹಕರಿಗೆ ಹೇಳಿಬಿಟ್ಟಿದ್ದರು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಬಾಗಿಲುಗಳಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು. ತೆಳುವಾಗಿ ಹಚ್ಚಿದ ಸೀಲೆಂಟ್ ಮಂಜಿನಂತೆ ಕವಿದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿದೆ. ಗೆರೆ ಸ್ವಚ್ಛವಾಗಿ ಬಿಡಿಸಿಕೊಂಡಿತು. ಮೈಕ್ರೋಫೈಬರ್ ಬಟ್ಟೆಗೆ ಉಳಿದದ್ದೂ ಸಲೀಸಾಗಿ ಬಂದುಬಿಟ್ಟಿತು. ಬಾನೆಟ್ಟಿನಲ್ಲಿ ಮಾತ್ರ ಬೆರಳಿನ ಗೆರೆ ಮೂಡುವ ಬದಲು ಜಿಡ್ಡಿನಂತೆ ಹರಡಿತು. ಬಟ್ಟೆ ಮೊದಲು ಜಾರಿತು, ಮತ್ತೊಂದು ಕಡೆ ಹಿಡಿದು ಎಳೆಯಿತು. ಇನ್‌ಸ್ಪೆಕ್ಷನ್ ಲೈಟ್ ಹಿಡಿದರೆ ಬಟ್ಟೆ ಆಡಿದ ದಾರಿಯಲ್ಲೆಲ್ಲ ಎಣ್ಣೆ ಚೆಲ್ಲಿದ ನೀರಿನ ಮೇಲೆ ಕಾಣುವಂಥ ಬಣ್ಣಬಣ್ಣದ ಪಟ್ಟೆಗಳು.

ಇಂಥ ಹೊತ್ತಿನಲ್ಲಿ ಕೈ ಸುಮ್ಮನಿರುವುದಿಲ್ಲ. ಪ್ಯಾನಲ್ ಬಿಸಿಯಾಗಿರಬಹುದೆಂದು ಮುಂಗೈಯಿಂದ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಟ್ಟೆಯಲ್ಲಿ ಹಳೆಯ ಉಳಿಕೆ ಇರಬಹುದೆಂದು ಹೊಸ ಬಟ್ಟೆ ತೆಗೆದೆ. ದಪ್ಪವಾಗಿ ಹಚ್ಚಿ ಒಣಗಿಹೋದ ಸೀಲೆಂಟಿನ ಮೇಲೆ ಮತ್ತೆ ಅದನ್ನೇ ಚೂರು ಸವರಿದರೆ ಅಡಿಯದು ಸಡಿಲಗೊಂಡು ಬಿಟ್ಟುಕೊಳ್ಳುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಳಸುವ ಉಪಾಯ, ಅದನ್ನೂ ಮಾಡಿದೆ. ಅಂಗೈಯಗಲದ ಮಬ್ಬು ಬಾನೆಟ್ಟಿನ ಅರ್ಧಕ್ಕೆ ಹರಡಿತು. ಅಷ್ಟರಲ್ಲಿ ಸೂಪರ್‌ವೈಸರ್ ಬಂದು, “ಏನ್ರೀ, ಕಸ್ಟಮರ್ ಬಂದು ಕೂತಿದ್ದಾರೆ, ಇನ್ನೂ ಬಫಿಂಗ್‌ನಲ್ಲೇ ಇದ್ದೀರಾ?” ಎಂದರು. ಸೀಲೆಂಟಿನ ಬ್ಯಾಚ್ ಸರಿಯಿಲ್ಲ ಸರ್ ಎಂದು ಹೇಳಿಬಿಟ್ಟೆ. ಬಾಟಲಿಯ ಮೇಲೆ ಅನುಮಾನಪಡುವುದು ಎಲ್ಲಕ್ಕಿಂತ ಸುಲಭ. ಅದೇ ಬಾಟಲಿಯ ಸೀಲೆಂಟ್ ಬಾಗಿಲುಗಳಲ್ಲಿ ಚೆನ್ನಾಗಿ ಕೂತಿತ್ತು ಎಂಬುದನ್ನು ಅವರು ಎತ್ತಿ ತೋರಿಸಲಿಲ್ಲ.

ಸುಳಿವು ಸಿಕ್ಕಿದ್ದು ವೈಪರ್ ಬುಡದಲ್ಲಿ. ಬಾನೆಟ್ಟಿನ ಹಿಂಬದಿಯ ಅಂಚನ್ನು ಒರೆಸಲು ಬಗ್ಗಿದಾಗ, ಗಾಜಿನ ಕೆಳಗಿರುವ ಕಪ್ಪು ಪ್ಲಾಸ್ಟಿಕ್ಕಿನ ತರಿತರಿಯಾದ ಮೈಯಲ್ಲಿ ಬಿಳಿಯ ಪುಡಿ ಕಚ್ಚಿಕೊಂಡಿರುವುದು ಕಂಡಿತು. ಉಗುರಿನಿಂದ ಕೆರೆದರೆ ಮೇಣದಂತೆ ಸುರುಳಿಯಾಗಿ ಬಂತು. ಡಿಕ್ಕಿಯ ಮೇಲಿನ ಲೋಹದ ಅಕ್ಷರಗಳ ಸಂದಿಯಲ್ಲೂ ಅದೇ ಇತ್ತು. ನಾವು ಬಳಸುವ ತೆಳುವಾದ ಸೀಲೆಂಟ್ ಹೀಗೆ ಉಳಿಯುವುದಿಲ್ಲ. ಡಬ್ಬಿಯಲ್ಲಿ ಬರುವ ಪೇಸ್ಟ್ ವ್ಯಾಕ್ಸ್ ಸಂದುಗೊಂದುಗಳಲ್ಲಿ ಬಿಡುವ ಗುರುತು ಅದು. ವೇಟಿಂಗ್ ರೂಮಿಗೆ ಹೋಗಿ, “ಮನೆಯಲ್ಲಿ ಏನಾದರೂ ಹಚ್ಚಿದ್ದಿರಾ ಸರ್?” ಎಂದು ಕೇಳಿದೆ. ರಜೆಯ ದಿನ ಬಾನೆಟ್, ಮೇಲ್ಛಾವಣಿ, ಡಿಕ್ಕಿಗಳಿಗೆ ತಾವೇ ಕೂತು ವ್ಯಾಕ್ಸ್ ಹಾಕಿದ್ದಾಗಿಯೂ, ಬಾಗಿಲುಗಳ ಹೊತ್ತಿಗೆ ತೋಳು ಸೋತದ್ದರಿಂದ ಬಿಟ್ಟದ್ದಾಗಿಯೂ ಅವರು ಸಂತೋಷದಿಂದಲೇ ಹೇಳಿದರು. “ಇಲ್ಲಿ ಯಾರೂ ಕೇಳಲೇ ಇಲ್ಲವಲ್ಲ” ಎಂದೂ ಸೇರಿಸಿದರು.

ಅವರ ಮಾತು ನಿಜ. ನಮ್ಮ ಜಾಬ್ ಕಾರ್ಡಿನಲ್ಲಿ ಪೇಂಟ್ ರಕ್ಷಣೆಗೆಂದು ಇರುವುದು “ವ್ಯಾಕ್ಸ್/ಸೀಲೆಂಟ್” ಎಂಬ ಒಂದೇ ಖಾನೆ. ಅಲ್ಲೊಂದು ಟಿಕ್ ಹಾಕಿದರೆ ಮುಗಿಯಿತು. ಈಗ ಪೇಂಟಿನ ಮೇಲೆ ಏನಿದೆ, ಅದನ್ನು ಯಾರು ಹಚ್ಚಿದರು ಎಂದು ಬರೆಯಲು ಜಾಗವಿಲ್ಲ. ಆ ಫಾರ್ಮನ್ನು ರೂಪಿಸಿದವರಿಗೆ ಇವೆರಡೂ ಒಂದೇ ಡಬ್ಬಿಯ ಎರಡು ಹೆಸರುಗಳಂತೆ ಕಂಡಿರಬೇಕು. ವಾಸ್ತವವಾಗಿ ವ್ಯಾಕ್ಸ್ ಪೇಂಟಿನ ಮೇಲೆ ಸುಮ್ಮನೆ ಪದರವಾಗಿ ಮಲಗುತ್ತದೆ. ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ಬಗೆಯ ತಾಳೆಯ ಎಲೆಗಳಿಂದ ತೆಗೆಯುವ ಕಾರ್ನೌಬಾ ಮೇಣ ಇದರಲ್ಲಿ ಮುಖ್ಯ. ನೈಸರ್ಗಿಕ ಮೇಣಗಳಲ್ಲಿ ಬಹಳ ಗಟ್ಟಿಯಾದ ಅದನ್ನು ಕೈಯಿಂದ ಹಚ್ಚಲು ಬರುವಂತೆ ಎಣ್ಣೆ, ದ್ರಾವಕಗಳೊಂದಿಗೆ ಬೆರೆಸಿ ಮೃದು ಮಾಡಿರುತ್ತಾರೆ. ಸೀಲೆಂಟ್ ಎನ್ನುವುದು ಸಿಂಥೆಟಿಕ್ ಪಾಲಿಮರ್. ಬಣ್ಣದ ಮೇಲಿರುವ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ನೇರವಾಗಿ ಸಿಕ್ಕಿದರೆ ಮಾತ್ರ ಅದು ಹಿಡಿತ ಸಾಧಿಸಿ ಕ್ಯೂರ್ ಆಗುತ್ತದೆ, ಅಂದರೆ ಗಟ್ಟಿಯಾಗಿ ಕೂರುತ್ತದೆ. ನಡುವೆ ಮೇಣವಿದ್ದರೆ ಅದಕ್ಕೆ ಹಿಡಿಯಲು ನೆಲೆಯೇ ಇಲ್ಲ. ಜೊತೆಗೆ ಸೀಲೆಂಟಿನಲ್ಲಿರುವ ದ್ರಾವಕ ಅಡಿಯ ಮೇಣವನ್ನು ಕದಡುತ್ತದೆ. ನಾನು ಬಟ್ಟೆಯಿಂದ ಹರಡುತ್ತಿದ್ದದ್ದು ಇವೆರಡರ ಮಿಶ್ರಣವನ್ನು.

ನೀರಿನ ಹನಿಗಳ ವಿಷಯಕ್ಕೆ ಬರುವುದಾದರೆ, ಹನಿ ದುಂಡಾಗಿ ನಿಲ್ಲುವುದು ವ್ಯಾಕ್ಸಿನ ಮೇಲೂ ಹೌದು, ಸೀಲೆಂಟಿನ ಮೇಲೂ ಹೌದು. ಮೇಲ್ಮೈ ನೀರನ್ನು ಒಲ್ಲೆನ್ನುತ್ತಿದೆ ಎಂದಷ್ಟೇ ಅದು ತಿಳಿಸುತ್ತದೆ. ಹಾಗೆನ್ನುತ್ತಿರುವುದು ಯಾವ ಪದರ ಎಂದು ತಿಳಿಸುವುದಿಲ್ಲ. ಗ್ರಾಹಕರಿಗೆ ವಿಡಿಯೋ ತೋರಿಸಿ ಮೆಚ್ಚಿಸಲು ನಾವು ಬಳಸುವ ಈ ಹನಿಯಾಟವನ್ನೇ ತಪಾಸಣೆಯ ಸಾಧನವೆಂದು ನಂಬಿದ್ದೆ. ಗಡಸು ನೀರಿನ ಹನಿಗಳು ಬಿಸಿಲಿನಲ್ಲಿ ಒಣಗಿದರೆ ಆ ದುಂಡು ಹನಿಗಳೇ ಸುಣ್ಣದ ಉಂಗುರಗಳನ್ನು ಬಿಡುತ್ತವೆ ಎಂಬುದು ವಿಡಿಯೋದಲ್ಲಿ ಇರುವುದಿಲ್ಲ.

ಆ ಸಂಜೆ ಡೆಲಿವರಿ ಆಗಲಿಲ್ಲ. ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಒರೆಸಿದರೆ ಸಾಕು ಎಂದು ಸೂಪರ್‌ವೈಸರ್ ವಾದಿಸಿದರು. ಆದರೆ ಐಪಿಎ ಎಣ್ಣೆಯ ಅಂಶವನ್ನು ಎತ್ತಿದಷ್ಟು ಚೆನ್ನಾಗಿ ಕಾರ್ನೌಬಾವನ್ನು ಎತ್ತುವುದಿಲ್ಲ. ಸಾಲ್ವೆಂಟ್ ಇರುವ ಪ್ಯಾನಲ್ ವೈಪ್‌ನಿಂದ ಒರೆಸಿ, ಮೃದುವಾದ ಫೋಮ್ ಪ್ಯಾಡಿನಲ್ಲಿ ಫೈನ್ ಪಾಲಿಶ್ ಹಿಡಿದು, ಕೊನೆಯಲ್ಲಿ ಪಾಲಿಶಿನ ಎಣ್ಣೆ ಹೋಗಲೆಂದು ಐಪಿಎ ಬಳಸಿದ ಮೇಲೆಯೇ ಮೈ ಬಿಚ್ಚಿಕೊಂಡಿತು. ಪಾಲಿಶ್ ಎಂದರೆ ಎಷ್ಟೇ ಮೃದುವಾಗಿದ್ದರೂ ಕ್ಲಿಯರ್ ಕೋಟನ್ನು ತುಸು ತೆಗೆಯುವ ಕೆಲಸ. ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಮಾತ್ರ ಇರುವ ಪದರವನ್ನು, ಒಂದು ಪ್ರಶ್ನೆ ಕೇಳಿದ್ದರೆ ಮೊದಲೇ ಯೋಜಿಸಬಹುದಾಗಿದ್ದ ಕೆಲಸಕ್ಕಾಗಿ ಗಡಿಬಿಡಿಯಲ್ಲಿ ಮುಟ್ಟಬೇಕಾಯಿತು. ಮೇಣ ಹೋದ ಕೂಡಲೇ ಅದರ ಎಣ್ಣೆ ಮುಚ್ಚಿಟ್ಟಿದ್ದ ಸ್ವರ್ಲ್ ಮಾರ್ಕುಗಳೂ, ಅಂದರೆ ಸುತ್ತುಸುತ್ತಾದ ಸಣ್ಣ ಗೀರುಗಳೂ, ಹೊರಬಂದವು. ಸೀಲೆಂಟ್ ಅವುಗಳನ್ನು ಅಷ್ಟಾಗಿ ಮರೆಮಾಡುವುದಿಲ್ಲವಾದ್ದರಿಂದ, ಪಾಲಿಶ್ ಹಿಡಿಯದೆ ಬಿಟ್ಟಿದ್ದರೆ ಗ್ರಾಹಕರು ನಾವೇ ಗೀರಿದ್ದೇವೆ ಎಂದು ಹೇಳುತ್ತಿದ್ದರು.

ಹಾಗಾದರೆ ಯಾವುದು ಮೇಲು ಎಂದು ಈಗಲೂ ಪ್ರತಿದಿನ ಯಾರಾದರೂ ಕೇಳುತ್ತಾರೆ. ದಿನವಿಡೀ ಬಯಲಿನಲ್ಲಿ ನಿಲ್ಲುವ, ಮಾಲೀಕರಿಗೆ ಬಿಡುವಿಲ್ಲದ ಕಾರಿಗೆ ನಾನು ಸೀಲೆಂಟನ್ನೇ ಹೇಳುತ್ತೇನೆ. ವ್ಯಾಕ್ಸ್ ಕೆಲವು ವಾರಗಳಲ್ಲಿ ಬಿಸಿಲಿಗೂ ಶಾಂಪೂವಿಗೂ ಸವೆಯುತ್ತದೆ, ಸೀಲೆಂಟ್ ಕೆಲವು ತಿಂಗಳಾದರೂ ಬಾಳುತ್ತದೆ. ನೆರಳಿನಲ್ಲಿ ನಿಲ್ಲುವ, ಕೈಯಾರೆ ಉಜ್ಜುವುದನ್ನೇ ಸುಖವೆಂದುಕೊಂಡವರ ಗಾಢ ಬಣ್ಣದ ಕಾರಿಗೆ ವ್ಯಾಕ್ಸ್ ಕೊಡುವ ತುಂಬು ಹೊಳಪೇ ಬೇರೆ. ಹಕ್ಕಿಯ ಹಿಕ್ಕೆಯನ್ನು ಒಣಗಲು ಬಿಟ್ಟರೆ ಎರಡೂ ಸೋಲುತ್ತವೆ. ಹೊಸದಾಗಿ ಬಾಡಿಶಾಪಿನಲ್ಲಿ ಪೇಂಟ್ ಆದ ಪ್ಯಾನಲ್ಲಿಗೆ ಎರಡನ್ನೂ ಕೆಲವು ವಾರ ಹಚ್ಚಬಾರದು, ಒಳಗಿನ ದ್ರಾವಕ ಪೂರ್ತಿ ಆರಬೇಕು. ಬಾಡಿಶಾಪಿನ ಮಾತು ಬಂದದ್ದರಿಂದ ಹೇಳುತ್ತೇನೆ: ಸಿಲಿಕೋನ್ ಇರುವ ಸೀಲೆಂಟಿನ ಸ್ಪ್ರೇಯನ್ನು ಪೇಂಟ್ ಬೂತಿನ ಪಕ್ಕದಲ್ಲಿ ಬಳಸಬೇಡಿ ಎಂದು ಪೇಂಟರುಗಳು ಕೂಗಾಡುವುದರಲ್ಲಿ ನ್ಯಾಯವಿದೆ. ಅದರ ತುಂತುರು ಪ್ಯಾನಲ್ ಮೇಲೆ ಕೂತರೆ ಹೊಸ ಪೇಂಟ್ ಅಲ್ಲಲ್ಲಿ ಹಿಂದೆ ಸರಿದು ಫಿಶ್ ಐ ಎನ್ನುವ ಮೀನಿನ ಕಣ್ಣಿನಂಥ ಸಣ್ಣ ಗುಳಿಗಳು ಏಳುತ್ತವೆ. ಆದರೂ ನಮ್ಮ ವಿಭಾಗವನ್ನು ಬೂತಿನ ಪಕ್ಕಕ್ಕೇ ತಂದು ಕೂರಿಸಿದವರು ನಾವಲ್ಲ, ಮ್ಯಾನೇಜ್‌ಮೆಂಟ್.

ಮರುದಿನ ಗಾಡಿ ಒಯ್ಯಲು ಬಂದ ಮಾಲೀಕರು, ಇನ್ನು ಮುಂದೆ ವ್ಯಾಕ್ಸ್ ಮುಟ್ಟಲೇಬಾರದೇ ಎಂದು ಸ್ವಲ್ಪ ಬೇಸರದಿಂದ ಕೇಳಿದರು. ಧಾರಾಳವಾಗಿ ಹಾಕಿ, ಸೀಲೆಂಟಿನ ಮೇಲೆ ವ್ಯಾಕ್ಸ್ ಚೆನ್ನಾಗಿಯೇ ಕೂರುತ್ತದೆ, ಆದರೆ ಈಗ ಇನ್ನೂ ಒಂದು ದಿನ ನೀರು ಸೋಕಿಸದೆ ಸೀಲೆಂಟನ್ನು ಕ್ಯೂರ್ ಆಗಲು ಬಿಡಿ, ಮುಂದಿನ ಸರ್ವಿಸಿಗೆ ಬಂದಾಗ ಮಾತ್ರ ಹೇಳಿ ಎಂದೆ. ಖಾನೆಯನ್ನು ಎರಡಾಗಿಸಬೇಕೆಂದು ಬರೆದುಕೊಟ್ಟ ಮನವಿಗೆ, ಸಾಫ್ಟ್‌ವೇರಿನ ಮುಂದಿನ ಅಪ್‌ಡೇಟಿನಲ್ಲಿ ನೋಡೋಣ ಎಂಬ ಉತ್ತರ ಬಂದಿದೆ. ಅಲ್ಲಿಯವರೆಗೆ ಗಾಡಿ ಇಳಿಸಿಕೊಳ್ಳುವಾಗಲೇ ನಾನೇ ಮಾಲೀಕರನ್ನು ಕೇಳಿ, ಪ್ಲಾಸ್ಟಿಕ್ ಸಂದುಗಳನ್ನು ನೋಡಿ, ರಿಮಾರ್ಕ್ಸ್ ಜಾಗದಲ್ಲಿ ಪೆನ್ನಿನಲ್ಲಿ ಬರೆಯುತ್ತೇನೆ. ಅಡ್ವೈಸರ್ ಅದನ್ನು ಓದಿಯೇ ಡೆಲಿವರಿ ಸಮಯ ಹೇಳುತ್ತಾರೆಯೇ ಎಂಬುದು ಬೇರೆ ಮಾತು.